ಗಾಡಿ ಎಳೆದವರು ಯಾರು?

ಊಟಕ್ಕೆ ಒಂದೂವರೆ ಗಂಟೆ, ಗ್ರೀಸಿನ ಡೆಲ್ಫಿಯ ವಸ್ತುಸಂಗ್ರಹಾಲಯಕ್ಕೆ ಮುಕ್ಕಾಲು ಗಂಟೆ. ನಮ್ಮ ಪ್ರವಾಸದ ವೇಳಾಪಟ್ಟಿ ಬರೆದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ಒಂದಿಡೀ ಹಳ್ಳಿಯನ್ನೇ ಪಕ್ಕಕ್ಕೆ ಎತ್ತಿಟ್ಟು, 1892ರಿಂದ ಫ್ರೆಂಚರು ವರ್ಷಗಟ್ಟಲೆ ಅಗೆದು ತೆಗೆದದ್ದನ್ನು ಮುಕ್ಕಾಲು ಗಂಟೆಯಲ್ಲಿ ನೋಡಿ ಮುಗಿಸಬೇಕು. ಅಪೊಲೊ ದೇವಾಲಯದಲ್ಲಿ 'ನಿನ್ನನ್ನು ನೀನು ಅರಿ' ಎಂದು ಬರೆದಿತ್ತಂತೆ. ಆ ಮಾತಿನ ಮೇಲೆ ಗಂಭೀರವಾದದ್ದೇನನ್ನಾದರೂ ಬರೆಯಬೇಕೆಂಬ ಆಸೆ ನನಗಿತ್ತು. ಮೂರನೆಯ ಕೋಣೆ ಹೊಕ್ಕಾಗ ಅದು ಕೆಟ್ಟಿತು.

ಅಲ್ಲಿ ಇಬ್ಬರು ಅಮೃತಶಿಲೆಯ ಹುಡುಗರು ನಿಂತಿದ್ದಾರೆ. ಆರಡಿಗೂ ಮಿಕ್ಕ ಎತ್ತರ, ಗರಡಿಯಲ್ಲಿ ಬೆಳೆದಂತಹ ತೊಡೆಗಳು, ಮೈಮೇಲೆ ಬೂಟಿನ ಹೊರತು ಇನ್ನೇನೂ ಇಲ್ಲ. ಕ್ಲಿಯೋಬಿಸ್ ಮತ್ತು ಬಿಟೋನ್, ಆರ್ಗೋಸ್ ಊರಿನವರು, ಕ್ರಿಸ್ತಪೂರ್ವ 580ರ ಸುಮಾರಿನ ಕೆಲಸ. ಇವರು ಅವರಲ್ಲ, ಬೇರೆ ಅವಳಿ ದೇವತೆಗಳು ಎನ್ನುವ ವಿದ್ವಾಂಸರೂ ಇದ್ದಾರೆ. ವಿದ್ವಾಂಸರಿಗೆ ಏನಾದರೊಂದು ಬೇಕಲ್ಲ.

ಕಥೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳಿದ್ದು. ಹೇರಾ ದೇವಿಯ ಉತ್ಸವ. ಇವರ ತಾಯಿ ಗಾಡಿಯಲ್ಲೇ ಗುಡಿಗೆ ಹೋಗಬೇಕು. ಹೊಲಕ್ಕೆ ಹೋದ ಎತ್ತುಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಮಕ್ಕಳಿಬ್ಬರೂ ತಾವೇ ನೊಗಕ್ಕೆ ಹೆಗಲು ಕೊಟ್ಟು ಸುಮಾರು 8 ಕಿಲೋಮೀಟರ್ ಎಳೆದರು. ನೆರೆದ ಜನರಲ್ಲಿ ಗಂಡಸರು ಹುಡುಗರ ಬಲವನ್ನು ಹೊಗಳಿದರು, ಹೆಂಗಸರು ಇಂಥವರನ್ನು ಹೆತ್ತ ತಾಯಿಯನ್ನು ಹೊಗಳಿದರು. ತಾಯಿ ಉಬ್ಬಿಹೋದಳು. ದೇವಿಯ ಮುಂದೆ ನಿಂತು, ಮನುಷ್ಯರಿಗೆ ಸಿಗಬಹುದಾದ ಅತ್ಯುತ್ತಮವಾದದ್ದನ್ನು ನನ್ನ ಮಕ್ಕಳಿಗೆ ಕೊಡು ಎಂದು ಬೇಡಿದಳು. ಹಬ್ಬದೂಟ ಮುಗಿಸಿ ಗುಡಿಯಲ್ಲೇ ಮಲಗಿದ ಮಕ್ಕಳು ಮತ್ತೆ ಏಳಲಿಲ್ಲ. ಅದೇ ಆ ಅತ್ಯುತ್ತಮ. ಜಗತ್ತಿನಲ್ಲಿ ಅತ್ಯಂತ ಸುಖಿ ಯಾರು ಎಂದು ಕೇಳಿ, ತನ್ನ ಹೆಸರೇ ಬರುವುದೆಂದು ಕಾದಿದ್ದ ಲಿಡಿಯಾದ ಸಿರಿವಂತ ರಾಜ ಕ್ರೀಸಸನಿಗೆ ಅಥೆನ್ಸಿನ ಜ್ಞಾನಿ ಸೋಲೋನ್ ಈ ಕಥೆ ಹೇಳಿದನಂತೆ. ಇವರಿಗೂ ಕೊಟ್ಟದ್ದು ಎರಡನೆಯ ಸ್ಥಾನ. ಮೊದಲನೆಯದು ಅಥೆನ್ಸಿನ ಟೆಲ್ಲಸ್ ಎಂಬವನಿಗೆ. ಅವನೂ ಸತ್ತವನೇ.

ನನ್ನ ಪಕ್ಕದಲ್ಲಿದ್ದ ಮೈಸೂರಿನ ಮೇಡಂ ಕಣ್ಣೊರೆಸಿಕೊಂಡರು. "ಎಂಥ ಮಕ್ಕಳು, ನೋಡಿ!" ನನಗೆ ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ನನಗೂ ಇಬ್ಬರು ಗಂಡುಮಕ್ಕಳಿದ್ದಾರೆ. ದೇವರ ಮುಂದೆ ನಿಂತರೆ ಹಿರಿಯವನ ಬಿ.ಪಿ. ಇಳಿಯಲಿ, ಕಿರಿಯವನಿಗೆ ಮನೆಸಾಲ ತೀರಲಿ ಎಂದು ಬಿಡಿಬಿಡಿಯಾಗಿ ಬೇಡುತ್ತೇನೆ. 'ಅತ್ಯುತ್ತಮವಾದದ್ದು' ಎಂದು ಬಾಯಿಬಿಟ್ಟು, ಆಯ್ಕೆಯನ್ನು ದೇವರಿಗೇ ಬಿಟ್ಟುಕೊಡುವ ತಾಯಿಗೆ ಏನೆನ್ನಬೇಕು? ಬೆಳಗ್ಗೆ ಎದ್ದು ಮಕ್ಕಳನ್ನು ಕೂಗಿದಾಗ ಅವಳಿಗೆ ಏನಾಯಿತು? ಹೆರೊಡೋಟಸ್ ಆ ಬಗ್ಗೆ ಒಂದು ಸಾಲೂ ಬರೆದಿಲ್ಲ. ಊರವರು ಮೂರ್ತಿ ಮಾಡಿಸಿ ಡೆಲ್ಫಿಗೆ ಒಪ್ಪಿಸಿದರು ಎಂದು ಹೇಳಿ ಮುಗಿಸುತ್ತಾನೆ. ಮೂರ್ತಿ ಮಕ್ಕಳದ್ದು, ತಾಯಿಯದಲ್ಲ. ಇರಲಿ, ಅದೂ ಹೋಗಲಿ. ವಾಪಸು ಬರುವಾಗ ಆ ಗಾಡಿಯನ್ನು ಎಳೆದವರು ಯಾರು?

ಇದನ್ನು ಗೈಡ್ ಹುಡುಗಿಗೆ ಕೇಳಿದೆ. ಅವಳು ಗಡಿಯಾರ ನೋಡಿಕೊಂಡು, "ಅಷ್ಟರಲ್ಲಿ ಎತ್ತುಗಳು ಬಂದಿರಬಹುದು, ಮೇಡಂ" ಎಂದಳು. ಹುಡುಗಿ ಜಾಣೆ.

ಹೀಗಾಗಿ ಮುಂದಿನ ಕೋಣೆಯಲ್ಲಿದ್ದ ಬೆಳ್ಳಿಯ ಹೋರಿಯನ್ನು ನಾನು ಸರಿಯಾಗಿ ನೋಡಲಾಗಲಿಲ್ಲ. ಅಲ್ಲ, ನೋಡಿದೆ, ಆದರೆ ಸಂಶಯದಿಂದ ನೋಡಿದೆ. ನಿಜವಾದ ಹೋರಿಯಷ್ಟೇ ದೊಡ್ಡದು, ಮರದ ಮೈಗೆ ಬೆಳ್ಳಿಯ ತಗಡು ಹೊದಿಸಿ ಮಾಡಿದ್ದು, 1939ರಲ್ಲಿ ಹಾದಿಯ ಚಪ್ಪಡಿಗಳ ಅಡಿಯಲ್ಲಿ ಸಿಕ್ಕಿತಂತೆ. ಆರ್ಗೋಸಿನ ಕಥೆಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಹೊತ್ತಿಗೆ ಬಾರದ ಪ್ರಾಣಿಗೆ ಇಷ್ಟು ಬೆಳ್ಳಿ ಏಕೆ ಎನ್ನಿಸಿತು. ಹೆಣ್ಣಿನ ಮುಖ, ಸಿಂಹದ ಮೈಯ ನಕ್ಸೋಸ್ ದ್ವೀಪದ ಸ್ಫಿಂಕ್ಸನ್ನು ನಡೆಯುತ್ತಲೇ ನೋಡಿದೆ.

ಕೊನೆಯ ಕೋಣೆಯಲ್ಲಿ ಎಲ್ಲರೂ ಹುಡುಕಿಕೊಂಡು ಬರುವ ಕಂಚಿನ ಸಾರಥಿ, 1896ರಲ್ಲಿ ಸಿಕ್ಕವನು. ಕಣ್ಣಿನ ರೆಪ್ಪೆಗೂದಲು ಸಹ ಉಳಿದಿವೆ. ಎರಡೂವರೆ ಸಾವಿರ ವರ್ಷದ ಹುಡುಗ, ಕೈಯಲ್ಲಿ ಲಗಾಮು ಹಿಡಿದು ನಿಂತಿದ್ದಾನೆ, ಎಡಗೈ ಇಲ್ಲ. ರಥವಿಲ್ಲ. ಕುದುರೆಗಳ ಕಾಲು, ಬಾಲದ ಚೂರುಗಳಷ್ಟೇ ಉಳಿದಿವೆ. ನಮ್ಮ ಗುಂಪಿನವರು ಅವನಿಗೆ ಬೆನ್ನು ತಿರುಗಿಸಿ ಮೊಬೈಲಿನಲ್ಲಿ ತಮ್ಮ ಮುಖ ತೆಗೆದುಕೊಳ್ಳುತ್ತಿದ್ದರು. ಅಷ್ಟು ದೂರ ಬಂದು, ಬೆನ್ನು!

ಬಸ್ಸಿನಲ್ಲಿ ಮೈಸೂರಿನ ಮೇಡಂ ಇನ್ನೂ ಅದೇ ಗುಂಗಿನಲ್ಲಿದ್ದರು. "ನಿಮ್ಮ ಮಕ್ಕಳೂ ಕಡಿಮೆಯೇನಲ್ಲ ಬಿಡಿ. ತಾಯಿಯನ್ನು ಇಷ್ಟು ದೂರ ಕಳಿಸಿದ್ದಾರೆ."

"ಹೌದು," ಎಂದೆ. "ವಾಪಸಿನ ಟಿಕೆಟನ್ನೂ ತೆಗೆಸಿಕೊಟ್ಟಿದ್ದಾರೆ."