ತೋಳದ ಮನೆತನ, ಗೆರ್ನಿಕಾದ ಮರ

ಮೊನ್ನೆ ರಾತ್ರಿ ಅಥ್ಲೆಟಿಕ್ ಬಿಲ್ಬಾವೊ ಆಡುವುದನ್ನು ನೋಡುತ್ತಾ ಕೂತಿದ್ದೆ. ಸುಮ್ನೆ ಅವರ ಲಾಂಛನ ಜೂಮ್ ಮಾಡಿದೆ. ಒಂದು ಸೇತುವೆ, ಒಂದು ಚರ್ಚು, ಒಂದು ಮರ, ಎರಡು ತೋಳ. ಫುಟ್‌ಬಾಲ್ ತಂಡಕ್ಕೆ ತೋಳ ಯಾಕಪ್ಪಾ ಅಂತ ಹುಡುಕಲು ಹೊರಟವನಿಗೆ ರಾತ್ರಿ ಎರಡು ಗಂಟೆಯಾಗಿದ್ದೇ ಗೊತ್ತಾಗಲಿಲ್ಲ.

ಆ ತೋಳಗಳು ಆರೊ ಮನೆತನದವು. ಸ್ಪೇನ್‌ನ ಉತ್ತರದಲ್ಲಿರುವ ಬಾಸ್ಕ್ ನಾಡಿನ ಬಿಸ್ಕಾಯಾ ಪ್ರಾಂತ್ಯವನ್ನು ಹನ್ನೊಂದನೇ ಶತಮಾನದಿಂದ ಆಳಿದವರು. ಈ ಮನೆತನದಲ್ಲಿ ಮತ್ತೆ ಮತ್ತೆ ಬರುವ ಹೆಸರು ಲೋಪೆ, ಹಾಗಂದರೇನೇ ತೋಳ. ಲೋಪೆಯ ಮಗ ದಿಯೆಗೊ, ದಿಯೆಗೊನ ಮಗ ಮತ್ತೆ ಲೋಪೆ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುತ್ತೇವಲ್ಲ, ಹಾಗೇ. ಓದುವವರಿಗೆ ಮಾತ್ರ ತಲೆನೋವು.

ಸ್ಪೇನ್ ಅಂದರೆ ಬಿಸಿಲು, ಒಣ ಬಯಲು ಅಂದುಕೊಂಡಿದ್ದೆ. ಬಿಸ್ಕಾಯಾ ಅದಕ್ಕೆ ಪೂರ್ತಿ ಉಲ್ಟಾ. ಉತ್ತರದ ಕಡಲಂಚು, ವರ್ಷವಿಡೀ ಮಳೆ, ಎಲ್ಲಿ ನೋಡಿದರೂ ಹಸಿರು. ಇಡೀ ಪ್ರಾಂತ್ಯ ಸುಮಾರು 2,200 ಚದರ ಕಿಲೋಮೀಟರ್ ಅಷ್ಟೇ. ದಕ್ಷಿಣದ ಗಡಿಯಲ್ಲಿ 1,482 ಮೀಟರ್ ಎತ್ತರದ ಗೊರ್ಬೆಯಾ ಬೆಟ್ಟ. ಅಲ್ಲಿಂದ ಕಡಲಿನ ತನಕ ಕಿರಿದಾದ ಕಣಿವೆಗಳು, ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ತೋಟದ ಮನೆ. ದೊಡ್ಡ ಬಯಲಿಲ್ಲ, ಆದರೆ ನೆಲದಡಿ ಕಬ್ಬಿಣದ ಅದಿರಿದೆ. ಹಾಗಾಗಿ ಕುಲುಮೆ, ಹಡಗು, ವ್ಯಾಪಾರ.

ಆರೊಗಳ ಮನೆಜಗಳ ಕೇಳಿ. 1288ರಲ್ಲಿ ಲೋಪೆ ದಿಯಾಸ್ ಎಂಬ ದೊರೆಯನ್ನು ಅಲ್ಫಾರೊ ಊರಿನಲ್ಲಿ ಪಕ್ಕದ ದೊಡ್ಡ ರಾಜ್ಯ ಕ್ಯಾಸ್ಟೀಲಿನ ರಾಜ ನಾಲ್ಕನೇ ಸಾಂಚೊನ ಎದುರೇ ಕೊಂದರು. ರಾಜನೂ ಇವನೂ ಷಡ್ಡಕರು! ಆಮೇಲೆ ಲೋಪೆಯ ತಮ್ಮ ದಿಯೆಗೊನಿಗೂ ಮಗಳು ಮರಿಯಾಳಿಗೂ ಗಾದಿಗಾಗಿ ವ್ಯಾಜ್ಯ. ಚಿಕ್ಕಪ್ಪ 1300ರಲ್ಲಿ ಬಿಲ್ಬಾವೊ ಪಟ್ಟಣ ಕಟ್ಟಿದ. ಅವನು ಸತ್ತ ಮೇಲೆ, 1310ರಲ್ಲಿ, ಮರಿಯಾ ಅದೇ ಪಟ್ಟಣಕ್ಕೆ ಹೊಸ ಸನ್ನದು ಕೊಟ್ಟಳು. ಒಳನಾಡಿನ ಓರ್ದುನ್ಯಾ ಊರಿನಿಂದ ಬೆರ್ಮೆಯೊ ಬಂದರಿಗೆ ಹೋಗುವ ದಾರಿ ಬಿಲ್ಬಾವೊ ಮೂಲಕವೇ ಹೋಗಬೇಕು ಅಂದಳು. ಊರು ಕಟ್ಟಿದವನ ಹೆಸರು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಊರು ಬೆಳೆಸಿದವಳು ಇವಳು.

1379ರಲ್ಲಿ ಬಿಸ್ಕಾಯಾದ ಒಡೆಯ ಹುವಾನ್ ಕ್ಯಾಸ್ಟೀಲಿನ ರಾಜನೇ ಆದ. ಅಲ್ಲಿಂದ ಮುಂದೆ ಎರಡೂ ಪಟ್ಟ ಒಬ್ಬನಿಗೇ. ಆದರೆ ಬಿಸ್ಕಾಯಾದಲ್ಲಿ ಅವನು ಬರೀ ಒಡೆಯ. ಬಿಲ್ಬಾವೊ ಬಾಗಿಲಲ್ಲಿ, ಲಾರಬೆತ್ಸು ಚರ್ಚಿನಲ್ಲಿ, ಗೆರ್ನಿಕಾ ಊರಿನ ಓಕ್ ಮರದಡಿ (ಲಾಂಛನದಲ್ಲಿರುವ ಮರ ಇದೇ), ಕೊನೆಗೆ ಬೆರ್ಮೆಯೊದಲ್ಲಿ ನಿಂತು ನಿಮ್ಮ ಕಟ್ಟಳೆ ಕಾಯುತ್ತೇನೆ ಅಂತ ಆಣೆ ಮಾಡಬೇಕು. ಕ್ಯಾಸ್ಟೀಲಿನ ರಾಜ ಫೆರ್ಡಿನಾಂಡ್ ಕೂಡ 1476ರಲ್ಲಿ ಗೆರ್ನಿಕಾಕ್ಕೆ ಬಂದು ಆಣೆ ಮಾಡಿದ. ರಾಜಾಜ್ಞೆ ಕಟ್ಟಳೆಗೆ ವಿರುದ್ಧ ಬಂದರೆ ಉತ್ತರ ರೆಡಿ: ತಲೆಬಾಗುತ್ತೇವೆ, ಜಾರಿ ಮಾಡುವುದಿಲ್ಲ. ಎಂಥಾ ಜಾಣತನ ಅಲ್ವಾ?

ಇದನ್ನೇ ಹಿಡಿದು ಕೆಲವರು ಪ್ರಾಚೀನ ಪ್ರಜಾಪ್ರಭುತ್ವ ಅಂತ ಕೊಂಡಾಡುತ್ತಾರೆ. ನಾನು ಒಪ್ಪುವುದಿಲ್ಲ. 1526ರ ಕಟ್ಟಳೆ ಬಿಸ್ಕಾಯಾದವರೆಲ್ಲ ಹುಟ್ಟಿನಿಂದಲೇ ಕುಲೀನರು ಅಂತ ಸಾರಿತು, ನಿಜ. ಅದೇ ಕಟ್ಟಳೆ ಯಹೂದಿ, ಮುಸ್ಲಿಂ ಮೂಲದವರು ಇಲ್ಲಿ ನೆಲೆಸಬಾರದು ಅಂತಲೂ ಹೇಳಿತು. ಒಳಗಿನವರಿಗೆ ಸಮಾನತೆ, ಹೊರಗಿನವರಿಗೆ ಬೇಲಿ. ಆದರೂ ಆಳುವವನು ಜನರ ಅಂಗಳಕ್ಕೆ ಬಂದು ಮಾತು ಕೊಡಬೇಕಿತ್ತಲ್ಲ, ಅದು ನನಗೆ ಇಷ್ಟ.

ಆ ಕಟ್ಟಳೆಗಳನ್ನು 1876ರಲ್ಲಿ ರದ್ದು ಮಾಡಿದರು. ಸ್ಪೇನ್‌ನ ಅಂತರ್ಯುದ್ಧದ ಹೊತ್ತಲ್ಲಿ, 1937ರ ಏಪ್ರಿಲ್ 26ರಂದು ಗೆರ್ನಿಕಾ ಮೇಲೆ ಬಾಂಬ್ ಸುರಿಯಿತು. ಪಿಕಾಸೊನ ಚಿತ್ರದಿಂದ ಅದು ನಮಗೆಲ್ಲ ಗೊತ್ತು. ಮರಕ್ಕೆ ಏನೂ ಆಗಲಿಲ್ಲ. ಒಂದು ಒಣಗಿದರೆ ಅದರದೇ ವಂಶದ ಸಸಿ ನೆಡುತ್ತಾರೆ. ಈಗಿರುವುದು 2015ರಲ್ಲಿ ನೆಟ್ಟಿದ್ದು. ಬಾಸ್ಕ್ ಸರ್ಕಾರದ ಮುಖ್ಯಸ್ಥರು ಇವತ್ತಿಗೂ ಅದರಡಿಯೇ ಪ್ರಮಾಣ ಮಾಡುತ್ತಾರೆ.

ತೋಳಗಳನ್ನು ಪ್ರಾಂತ್ಯದ ಲಾಂಛನದಿಂದ 1986ರಲ್ಲಿ ತೆಗೆದುಹಾಕಿದರಂತೆ. ಫುಟ್‌ಬಾಲ್ ತಂಡದವರು ಮಾತ್ರ ಬಿಟ್ಟಿಲ್ಲ.