ದಂಡಕ್ಕ ಅರ್ಧಾ ರೇಟು, ನನ್ನ ಬಂಪರಿಗೆ ಪೂರಾ ರೇಟು

ದೀಪಾವಳಿಗೆ ಸೀರಿ ಸೇಲು, ಆಷಾಢಕ್ಕ ಮಿಕ್ಸರ್ ಸೇಲು, ನಡುವ ಒಮ್ಮೊಮ್ಮೆ ಟ್ರಾಫಿಕ್ ದಂಡದ ಸೇಲು. ಫಿಫ್ಟಿ ಪರ್ಸೆಂಟ್ ಆಫ್. 2023ರ ಫೆಬ್ರವರಿ ಒಳಗ ಬಂದಿತ್ತು, 2025ರಾಗ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಮತ್ತ ಬಂತು. ನಿಮಗೇನ್ ಹೇಳೋದೈತ್ರಿ, ನೀವೂ ಪಾಳಿ ಹಚ್ಚಿದವ್ರ. ನಮ್ಮ ಆಫೀಸಿನಾಗ ಒಬ್ಬಾವ ಹನ್ನೊಂದ ಕೇಸ್ ಕೂಡಿಸಿ ಇಟ್ಟಿದ್ದ, ಬ್ಯಾಂಕಿನಾಗ ಎಫ್‌ಡಿ ಇಟ್ಟಂಗ. ಸೇಲ್ ಬಂದ ದಿವಸ ಹೋಗಿ ಅರ್ಧಾ ಕಟ್ಟಿ, ಉಳಿದ ರೊಕ್ಕದಾಗ ನಮಗೆಲ್ಲಾ ಮಿರ್ಚಿ ಗಿರ್ಮಿಟ್ ತಿನ್ನಿಸಿದ. ನಾನೂ ತಿಂದೆ. ಸಿಗ್ನಲ್ ಹಾರಿದ ವಾರದಾಗ ಹೋಗಿ ಪೂರಾ ದಂಡಾ ಕಟ್ಟಿ ಬಂದ ಶಾಣ್ಯಾ ಅಲ್ಲಿ ನಾನೊಬ್ಬನ, ಆಷಾಢ ಎಂಟ ದಿವಸ ಐತಿ ಅನ್ನೋದ್ರೊಳಗ ಮಿಕ್ಸರ್ ತಂದವನ್ನ ನೋಡಿದಂಗ ಎಲ್ಲಾರೂ ನನ್ನ ಮಾರಿ ನೋಡಿ ನಗಾಕತ್ತಿದ್ರು.

ಅದ ವಾರದಾಗ ನನ್ನ ಕಾರಿನ ಬಂಪರ್ ಹೋತು. ಹುಬ್ಬಳ್ಳಿ ಹೊಸೂರ ಸರ್ಕಲ್ ದಾಟಿ ಸ್ವಲ್ಪ ಮುಂದ. ನಾ ನನ್ನ ಸೈಡಿಗೆ ಹೊಂಟೇನಿ, ಎದುರಿಂದ ಒಬ್ಬ ಮಹಾನುಭಾವ ಬೈಕ್ ಮ್ಯಾಲ ಬಂದ, ನನ್ನ ಸೈಡಿನಾಗ. ಮುಂದ ಟ್ಯಾಂಕಿನ ಮ್ಯಾಲ ಒಂದ ಹುಡುಗ, ಹಿಂದ ಒಂದ ಉಳ್ಳಾಗಡ್ಡಿ ಚೀಲಾ, ಕಿವಿಗೂ ಹೆಗಲಿಗೂ ನಡುವ ಮೊಬೈಲ್, ಹೆಲ್ಮೆಟ್ ಮೊಣಕೈಯಾಗ. ಇಷ್ಟೆಲ್ಲಾ ಸಂಭಾಳಿಸಿಕೊಂಡು ಒಂದ ಕೈಯಾಗ ಗಾಡಿ ಹೊಡಿಯೋದು ಸಾಮಾನ್ಯ ವಿದ್ಯಾ ಅಲ್ರೀ, ಸರ್ಕಸ್ಸಿನಾಗಿದ್ರ ನಾವ ಟಿಕೆಟ್ ತಗೊಂಡ ನೋಡ್ತಿದ್ವಿ. ಬಂದ, ಎಡಗಡೆ ಹೆಡ್‌ಲೈಟಿನ ಕೆಳಗ ಗುದ್ದಿದ, ಫೋನಿನಾಗ "ಏ ತಡೀಲೇ, ಒಬ್ಬಾವ ಬಂದು ಗುದ್ದಿದ" ಅಂದ. ಆಮ್ಯಾಲ ನನಗ, "ಕಣ್ಣ ಕಾಣಂಗಿಲ್ಲೇನ್ರಿ ಕಾಕಾ?"

ಎರಡ ನಿಮಿಷದಾಗ ಮೂವತ್ತ ಮಂದಿ ಕೂಡಿದ್ರು. ನಮ್ಮೂರಾಗ ಸಾಕ್ಷಿಗೆ ಬರಗಾಲ ಅಂತ ಯಾರ್ ಹೇಳ್ಯಾರ್ರೀ? ಮೂವತ್ತೂ ಮಂದಿ ಮೊದಲಿಂದ ಕಡೀತನಕ ಕಣ್ಣಾರೆ ನೋಡಿದವ್ರ, ಪಾನ್ ಅಂಗಡ್ಯಾಗ ಬೆನ್ನ ಮಾಡಿ ಕುಂತಿದ್ದವನೂ ನೋಡಿದ್ದ. ಪಂಚಾಯ್ತಿ ಜಲ್ದಿ ಮುಗೀತು, ಯಾಕಂದ್ರ ಇಲ್ಲಿ ಕಾಯ್ದೆ ಭಾಳ ಸರಳ ಐತಿ, ಯಾವ ಗಾಡಿ ದೊಡ್ಡದೋ ತಪ್ಪು ಅದರದ್ದ. ಲಾರಿ ಎದುರಿಗೆ ಇದ್ರ ನಾ ಗೆಲ್ತಿದ್ದೆ. "ಹೋಗ್ಲಿ ಬಿಡ್ರಿ ಕಾಕಾ, ಬಡವ ಅದಾನ, ಹುಡುಗ ಅಂಜೇತಿ, ಐದನೂರ ಕೊಟ್ಟ ಕಳಸ್ರಿ." ಕೊಟ್ಟೆ. ನನಗ ಗುದ್ದಿದ್ದಕ್ಕ ನಾನ ಕೂಲಿ ಕೊಟ್ಟೆ. ಬಂಪರಿಗೆ ಗ್ಯಾರೇಜಿನಾವ ಏಳ ಸಾವಿರ ಅಂದ. ಅರ್ಧಾ ಮಾಡಪಾ, ಈಗ ಎಲ್ಲಾ ಕಡೆ ಸೇಲ್ ನಡದೈತಿ ಅಂದೆ. ಆತ ನನ್ನ ಮಾರಿ ಸೈತ ನೋಡ್ಲಿಲ್ಲ.

ರಾಂಗ್ ಸೈಡಿಗೆ ಕಾಯ್ದೆ ಇಲ್ಲ ಅಂತ ತಿಳ್ಕೋಬ್ಯಾಡ್ರಿ. ಮೋಟಾರ್ ವಾಹನ ಕಾಯ್ದೆಯ 184ನೇ ಕಲಮಿನಾಗ, 2019ರ ತಿದ್ದುಪಡಿ ಮ್ಯಾಲ, ಎದುರ ದಿಕ್ಕಿನಾಗ ಗಾಡಿ ಹೊಡಿಯೋದನ್ನ ಅಪಾಯಕಾರಿ ಚಾಲನೆ ಒಳಗ ಸೇರಿಸ್ಯಾರ, ಮೊದಲನೇ ಸಲಕ್ಕ ಒಂದ ಸಾವಿರದಿಂದ ಐದ ಸಾವಿರ ದಂಡಾ, ಇಲ್ಲಾ ಆರ ತಿಂಗಳಿಂದ ಒಂದ ವರ್ಷ ಜೇಲು, ಇಲ್ಲಾ ಎರಡೂ. ಓದಿದ್ರ ಮೈ ಝುಂ ಅಂತೈತಿ. ಹಂಗ ಜೇಲಿಗೆ ಹಾಕ್ಕೋತ ಹೋದ್ರ ಹುಬ್ಬಳ್ಳ್ಯಾಗ ಮುಂಜಾನೆ ಹಾಲ್ ಹಾಕಾಕ ಯಾರೂ ಉಳಿಯಂಗಿಲ್ಲ.

ನನ್ನ ಅಳಿಯ ಬೆಂಗಳೂರಾಗ ಇರತಾನ, ಫೋನಿನಾಗ ಎಲ್ಲಾ ಕೇಳಿ, "ಮಾಮಾ, ಡ್ಯಾಶ್‌ಕ್ಯಾಮ್ ಹಾಕಸ್ರಿ, ಮುಂದಿನ ಗಾಜಿಗೆ ಹಚ್ಚೋ ಕ್ಯಾಮೆರಾ, ಪ್ರೂಫ್ ಇರತೈತಿ" ಅಂದ. ಪ್ರೂಫ್ ಅಂದ ಕೂಡಲೇ ನನಗ ಹುರುಪ ಬಂತು. ಗೋಕುಲ ರೋಡಿಗೆ ಹೋದೆ. ಅಂಗಡಿ ಹುಡುಗ ಚೊಲೋ ತಿಳುವಳಿಕಿ ಇದ್ದಾವ, "ಬ್ಯಾಟರಿ ಇದ್ದದ್ದ ಬ್ಯಾಡ್ರಿ ಸರ, ಏಪ್ರಿಲ್ ಬಿಸಲಾಗ ಕಾರ್ ನಿಂತ್ರ ಹಪ್ಪಳ ಉಬ್ಬಿದಂಗ ಉಬ್ಬತೈತಿ, ಕೆಪಾಸಿಟರ್ ಇದ್ದದ್ದ ತಗೋರಿ" ಅಂದ. ಮೆಮರಿ ಕಾರ್ಡೂ ಬ್ಯಾರೆ ಬೇಕಂತ, ಹೈ ಎಂಡ್ಯೂರೆನ್ಸ್ ಅನ್ನೋದು. ಯಾಕಂದ್ರ ಈ ಕ್ಯಾಮೆರಾ ಮೂರ ಮೂರ ನಿಮಿಷದ ತುಂಡ ಮಾಡಿ ಬರಕೋತ ಹೋಗತೈತಿ, ಕಾರ್ಡ್ ತುಂಬಿದ ಮ್ಯಾಲ ಹಳೇದ ಅಳಸಿ ಮತ್ತ ಬರೀತೈತಿ, ಹಗಲೆಲ್ಲಾ ಇದ ಉದ್ಯೋಗ, ಮೊಬೈಲಿನ ಹಳೇ ಕಾರ್ಡ್ ಹಾಕಿದ್ರ ತಡಿಯಂಗಿಲ್ಲ. ಇನ್ನ ಜಿ ಸೆನ್ಸರ್ ಅಂತ ಒಂದೈತಿ. ಗಾಡಿಗೆ ಜೋರ ಧಕ್ಕಿ ಬಿದ್ರ ಆಕ್ಸಿಡೆಂಟ್ ಆತು ಅಂತ ತಿಳಕೊಂಡು ಆ ತುಂಡಿಗೆ ಕೀಲಿ ಹಾಕಿ ಇಡತೈತಿ, ಅಳಸಂಗಿಲ್ಲ. ಭಾರಿ ಅನಸ್ತು.

ಈ ಸೆನ್ಸರ್ ಮಾಡಿದ ಪುಣ್ಯಾತ್ಮ ನಮ್ಮ ರಸ್ತೆ ನೋಡಿಲ್ಲ. ಮೊದಲನೇ ದಿವಸ ವಿದ್ಯಾನಗರದಿಂದ ಚೆನ್ನಮ್ಮ ಸರ್ಕಲ್ಲಿಗೆ ಹೋಗಿ ಬಂದೆ, ಕ್ಯಾಮೆರಾದ ಲೆಕ್ಕದಾಗ 43 ಆಕ್ಸಿಡೆಂಟ್ ಆಗಿದ್ವು. ಒಂದೊಂದ ತಗ್ಗಿಗೂ ಒಂದೊಂದ ಕೀಲಿ. ನಮ್ಮ ಓಣಿ ಮಂದಿ ಪಟ್ಟಿ ಹಾಕಿ ಕಟ್ಟಿಸಿದ ಹಂಪ್ ಒಂದೈತಿ, ಅದು ಹೋಗೋಮುಂದ ಒಂದ ಆಕ್ಸಿಡೆಂಟ್, ಬರೋಮುಂದ ಒಂದ. ಎರಡ ದಿವಸಕ್ಕ ಕಾರ್ಡ್ ಫುಲ್, ಎಲ್ಲಾ ಲಾಕ್, ಹೊಸಾದ ಬರಿಯಾಕ ಜಾಗಾ ಇಲ್ಲ ಅಂತ ಕುಂಯ್ ಕುಂಯ್ ಅನ್ನಾಕತ್ತಿತು. ಸೆಟ್ಟಿಂಗಿನಾಗ ಹೋಗಿ ಸೆನ್ಸಿಟಿವಿಟಿ ಲೋ ಮಾಡಿದೆ. ಇಲ್ಲಿ ಬದುಕಬೇಕಂದ್ರ ಎಲ್ಲಾರೂ ಅದನ್ನ ಮಾಡ್ಕೊಂಡೀವಿ.

ನಮ್ಮವ್ವ ಮಹಾನವಮಿ ಖಂಡೇಪೂಜಾಕ್ಕ ಸ್ಟೇರಿಂಗಿಗೆ, ಗಾಲಿಗೆ ಎಲ್ಲಾ ಕುಂಕುಮ ಹಚ್ಚಿ, "ಇದೇನೋ ಕಣ್ಣಿನಂಗ ಐತಲ್ಲ" ಅಂತ ಅದಕ್ಕೂ ಒಂದ ಬಟ್ಟ ಇಟ್ಟಳು, ಸರಿಯಾಗಿ ಲೆನ್ಸಿನ ನಡಕ. ಹದಿನೈದ ದಿವಸ ಹುಬ್ಬಳ್ಳಿ ಪೂರಾ ಕೆಂಪ ಸೂರ್ಯನ ಕೆಳಗ ಓಡ್ಯಾಡೇತಿ. ಅದನ್ನ ಒರಸಿದ ಮ್ಯಾಲ ಇನ್ನೊಂದ ಗೊತ್ತಾತು, ಡ್ಯಾಶ್‌ಬೋರ್ಡ್ ಮ್ಯಾಲ ಇಟ್ಟ ಸಿದ್ಧಾರೂಢ ಅಜ್ಜಾರ ಫೋಟೋ ಗಾಜಿನಾಗ ಹೊಳದು ಪ್ರತಿಯೊಂದ ವಿಡಿಯೋದಾಗೂ ಮ್ಯಾಲೆ ಬಲಕ್ಕ ಅಜ್ಜಾರ ಕುಂತಾರ. ತಗಿ ಅಂತ ಹೆಂಡ್ತಿ ಹೇಳಿದ್ಲು. ಅಜ್ಜಾರನ್ನ ತಗದ ಹುಬ್ಬಳ್ಳ್ಯಾಗ ಗಾಡಿ ಹೊಡಿಯೋ ಧೈರ್ಯ ನನಗಿಲ್ಲ.

ಕ್ಯಾಮೆರಾ ಬಂದ ಮ್ಯಾಲ ನನಗೊಂದ ಚಟಾ ಹತ್ತಿತು, ರಾತ್ರಿ ಊಟಾ ಮಾಡಿ ಅವತ್ತಿನ ರಸ್ತೆ ನೋಡ್ಕೋತ ಕೂಡೋದು. ಸೀರಿಯಲ್ಲಿಗಿಂತ ಚೊಲೋ ಇರತೈತಿ. ಆಟೋದವ್ರ ಇಂಡಿಕೇಟರ್ ನೋಡ್ರಿ, ಎಡಕ್ಕ ಹೊಳ್ಳೋದಿದ್ರ ಎಡಗಾಲ ಹೊರಗ ಬರತೈತಿ, ಬಲಕ್ಕಿದ್ರ ಬಲಗಾಲು, ಎರಡೂ ಕಾಲ ಒಳಗಿದ್ರ ಏನ್ ಮಾಡ್ತಾನ ಆ ದೇವರಿಗೂ ಗೊತ್ತಿಲ್ಲ. ಧಾರವಾಡದವ್ರದ್ದು ಇನ್ನೊಂದ ಶೈಲಿ. ರಿಟೈರ್ಡ್ ಪ್ರೊಫೆಸರ್ ಒಬ್ರು ಜುಬಿಲಿ ಸರ್ಕಲ್ಲಿನಾಗ ಬಲಗಡೆ ಇಂಡಿಕೇಟರ್ ಹಾಕಿದ್ರು, ನವಲೂರ ಬಂದ್ರೂ ಅದು ಟಿಕ್ ಟಿಕ್ ಅನ್ನಾಕತ್ತಿತ್ತು, ಇಪ್ಪತ್ತರ ಸ್ಪೀಡು, ಗೆರಿ ಮ್ಯಾಲನ ಗಾಡಿ. ಅವರು ಯಾರಿಗೂ ಗುದ್ದಂಗಿಲ್ಲ, ಅವರ ಹಿಂದಿನವ್ರ ಒಬ್ರಿಗೊಬ್ರು ಗುದ್ಕೋತಾರ. ಕಬ್ಬಿನ ಹಂಗಾಮಿನಾಗ ಟ್ರ್ಯಾಕ್ಟರ್. ಎರಡ ಟ್ರೇಲರ್, ಹಿಂದ ಲೈಟಿಲ್ಲ, ರಿಫ್ಲೆಕ್ಟರ್ ಇದ್ರೂ ಕಬ್ಬಿನ ಸೋಗಿ ಒಳಗ ಮುಚ್ಚೇತಿ, ಆದ್ರ ಟೇಪಿನ ಆವಾಜ್ ಅರ್ಧಾ ಕಿಲೋಮೀಟರ್ ಕೇಳತೈತಿ. ಕಣ್ಣಿಗೆ ಕಾಣಬಾರ್ದು, ಕಿವಿಗೆ ಕೇಳಬೇಕು ಅನ್ನೋ ಹಿಕಮತ್ತು. ರಸ್ತ್ಯಾಗ ಶಿಸ್ತು ಕಂಡದ್ದು ದನಗಳ ಕಡೆ ಅಷ್ಟ. ಡಿವೈಡರಿಗೆ ಹೊಂದಿ ಸಾಲಾಗಿ ಮಲಗಿರತಾವ, ಲೇನ್ ಬದಲಿ ಮಾಡಂಗಿಲ್ಲ. ಚೆನ್ನಮ್ಮ ಸರ್ಕಲ್ಲಿನಾಗ ಅಂತೂ ಫ್ಲೈಓವರ್ ಕೆಲಸ ಶುರುವಾದಾಗಿಂದ ನೆಟ್ಟಗ ನಿಂತಿರೋದು ರಾಣಿ ಕುದುರಿ ಒಂದ.

ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿಗೆ ಅಂತ ರಸ್ತೆ ನಡಕ ಬ್ಯಾರೇನ ದಾರಿ ಮಾಡಿದ್ರು, 2018ರಾಗ ಬಸ್ ಓಡಾಕ ಶುರುವಾದ್ವು. ಚಿಗರಿ ಅಂದ್ರ ಜಿಂಕಿ, ಪಾಪ ಹೆಸರಿಗೆ ತಕ್ಕಂಗ ಓಡೋ ಪ್ರಾಣಿ, ಅದರ ದಾರ್ಯಾಗ ಈಗ ಯಾವ್ಯಾವ ಪ್ರಾಣಿ ಹೊಕ್ಕಾವ ಅಂತ ನನ್ನ ಕಾರ್ಡಿನಾಗ ಪಟ್ಟಿ ಐತಿ. ಬಿಳಿ ಅಂಗಿಯವ್ರ ದೊಡ್ಡ ಗಾಡಿ ಹೊಕ್ಕರ ಅದು ಅರ್ಜೆಂಟು, ನಾವ ಹೊಕ್ಕರ ಅದು ತಪ್ಪು.

ಕಡೀಗೂ ಕ್ಯಾಮೆರಾಕ್ಕ ಕೆಲಸ ಬಂತು. ಉಣಕಲ್ ಕೆರಿ ಹತ್ರ, ರಾತ್ರಿ ಒಂಬತ್ತೂವರಿ, ಎದುರಿಂದ ಬಿಳಿ ಎಲ್‌ಇಡಿ ಹೈಬೀಮ್ ಹಾಕ್ಕೊಂಡ ಒಂದ ಕಾರ್ ಬಂದು ನನ್ನ ಬಲಗಡೆ ಕನ್ನಡಿ ಕಿತ್ಕೊಂಡು ಹೋತು, ನಿಲ್ಲಸೇ ಇಲ್ಲ. ಮನಿಗೆ ಬಂದು ವಿಡಿಯೋ ಹಾಕಿದೆ. ನಂಬರ್ ಪ್ಲೇಟ್ ಬಂದೇತಿ, ಆದ್ರ ಆ ಲೈಟಿನ ಝಳಕ್ಕ ಕೆಎ 63 ಅಷ್ಟ ಓದಾಕ ಬರತೈತಿ, ಮುಂದ ಎಲ್ಲಾ ಬಿಳೀ ಮಜ್ಜಿಗಿ. ಹುಬ್ಬಳ್ಳಿ ಗಾಡಿ ಅಂತ ಪತ್ತೆ ಹಚ್ಚಿದೆ, ಹುಬ್ಬಳ್ಳ್ಯಾಗ. ಇದಕ್ಕಂತನ ಹಳೇ ಗಾಡಿಗೂ ಎಚ್‌ಎಸ್‌ಆರ್‌ಪಿ ಅನ್ನೋ ಹೈ ಸೆಕ್ಯುರಿಟಿ ಪ್ಲೇಟ್ ಹಾಕ್ರಿ ಅಂದಿದ್ರು ನೋಡ್ರಿ, 2023ರ ನವೆಂಬರ್ 17 ಕಡೀ ದಿನ ಅಂದ್ರು, ಆಮ್ಯಾಲ 2024ರ ಫೆಬ್ರವರಿ 17, ಆಮ್ಯಾಲ ಮೇ 31, ಆಮ್ಯಾಲ ಸೆಪ್ಟೆಂಬರ್ 15, ಅದರ ಮುಂದ ನಾ ಎಣಸೋದ ಬಿಟ್ಟೆ. ಇಲ್ಲೂ ಮೊದಲನೇ ತಾರೀಖಿಗೇ ಹಾಕ್ಸಿದ ಶಾಣ್ಯಾ ಯಾರಂತ ಕೇಳಬ್ಯಾಡ್ರಿ.

ಸ್ಟೇಷನ್ನಿಗೆ ಹೋದೆ. ಅಲ್ಲಿಯ ಹವಾಲ್ದಾರ್ರು ಖರೇನ ಒಳ್ಳೆ ಮನಷ್ಯಾ, ಕುಂಡ್ರಿಸಿ, ಚಹಾ ತರಿಸಿ, ವಿಡಿಯೋ ಹಚ್ಚರಿ ಅಂದ್ರು. ಹಚ್ಚಿದ ಕೂಡಲೇ ಎದ್ದ ನಿಂತು ಕೈ ಮುಗದ್ರು. ನನಗ ಗಾಬರಿ. ಗಾಜಿನಾಗ ಅಜ್ಜಾರಿದ್ರಲ್ಲ. ಆಮ್ಯಾಲ ಕೆಳಗ ಮೂಲ್ಯಾಗ ತಾರೀಖ ನೋಡಿದ್ರು, 01-01-2015. ತಾರೀಖ ಸೆಟ್ ಮಾಡಬೇಕಂತ ನನಗ್ಯಾರ್ ಹೇಳಿದ್ರು? "ಸರ, ನಿಮ್ಮ ಗಾಡಿ 2018ರ ಮಾಡೆಲ್ ಐತಿ, ಹುಟ್ಟೋಕಿಂತ ಮೂರ ವರ್ಷ ಮೊದಲ ಹೆಂಗ್ರೀ ಕನ್ನಡಿ ಹೋತು?" ಅಷ್ಟರಾಗ ವಿಡಿಯೋ ಮಾತಾಡಾಕ ಶುರು ಮಾಡ್ತು. ಇದು ಆವಾಜೂ ರೆಕಾರ್ಡ್ ಮಾಡತೈತಿ ಅನ್ನೋದು ಆಗ ಗೊತ್ತಾತು. ಕನ್ನಡಿ ಹೋಗೋಕಿಂತ ಮುಂಚೆ ಎರಡೂವರಿ ನಿಮಿಷ ನಾನೂ ನನ್ನ ಹೆಂಡ್ತಿನೂ ಆಕಿ ತಮ್ಮ ಪ್ಲಾಟಿಗಂತ ಇಸಗೊಂಡ ಎರಡ ಲಕ್ಷದ ಬಗ್ಗೆ ಮಾತಾಡೀವಿ, ನಾ ಆಡಿದ ಮಾತು ಇಲ್ಲಿ ಬರಿಯಾಕ ಬರಂಗಿಲ್ಲ. ಕನ್ನಡಿ ಹೋದ ಮ್ಯಾಲ ಆಡಿದ್ದಂತೂ ಎಲ್ಲೂ ಬರಿಯಾಕ ಬರಂಗಿಲ್ಲ. ಪಕ್ಕದ ಟೇಬಲ್ಲಿನ ರೈಟರ್ರೂ ಕುರ್ಚಿ ಜಗ್ಗಿಕೊಂಡ ಬಂದ್ರು. ಪೂರಾ ಕೇಳಿ ಹವಾಲ್ದಾರ್ರು ನನ್ನ ಕಡೆ ಹೊಳ್ಳಿ ಭಾಳ ಕಾಳಜಿಯಿಂದ ಕೇಳಿದ್ರು, "ಆಮ್ಯಾಲ ಕೊಟ್ರೇನ್ರಿ ಸರ, ರೊಕ್ಕಾ?"

ವಕೀಲ ದೋಸ್ತ ಒಬ್ಬ ಅದಾನ, ಅಂವಗ ಫೋನ್ ಮಾಡಿದೆ. ವಾಟ್ಸಾಪಿನಾಗ ಕಳಸಬ್ಯಾಡ, ಅದು ಫೈಲ್ ಒತ್ತಿ ಸಣ್ಣದ ಮಾಡತೈತಿ, ಅಸಲಿ ಕಾರ್ಡ್ ತಗದ ಜ್ವಾಕಿ ಇಡು ಅಂದ. ಕೋರ್ಟಿಗೆ ವಿಡಿಯೋ ಕೊಡಬೇಕಂದ್ರ ಮೊದ್ಲ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಅಂತಿದ್ರು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ಅದರ ಪ್ರಕಾರ ಸರ್ಟಿಫಿಕೇಟ್ ಬೇಕು, ಅದರಾಗ ಹ್ಯಾಶ್ ವ್ಯಾಲ್ಯೂ ಬರೀಬೇಕು, ಅಂದ್ರ ಫೈಲಿನ ಹೆಬ್ಬಟ್ಟ ಇದ್ದಂಗ, ಎರಡನೇ ಭಾಗಕ್ಕ ತಜ್ಞರ ಸಹಿ. ಕನ್ನಡಿಗೆ ಎಷ್ಟಾಗತೈತಿ ಅಂತ ಕೇಳಿದ. ಎರಡ ಸಾವಿರದ ನಾಕನೂರು ಅಂದೆ. ಹಾಕಸ್ಕೊಂಡ ಬಿಡು ಮಾರಾಯಾ ಅಂದ.

ಇದನ್ನೆಲ್ಲಾ ನಗಕೋತ ಹೇಳಬಹುದು. ಬೈಪಾಸಿನ ಮಾತ ಬಂದ್ರ ನನಗ ನಗಾಕ ಆಗಂಗಿಲ್ಲ. ಗಬ್ಬೂರಿಂದ ನರೇಂದ್ರ ತನಕ. ಪುಣೆ-ಬೆಂಗಳೂರ ಹೈವೇ ಅತ್ತಾಗೂ ಅಗಲ, ಇತ್ತಾಗೂ ಅಗಲ, ನಮ್ಮೂರ ಮಗ್ಗಲಕ್ಕ ಬಂದ ಕೂಡಲೇ ಆಗ ಎರಡ ಲೇನ ಇತ್ತು, ಡಿವೈಡರ್ ಇರಲಿಲ್ಲ, ಅದಕ್ಕ ಟೋಲ್ ಬ್ಯಾರೆ ಇತ್ತು. 2021ರ ಜನೆವರಿ 15, ಸಂಕ್ರಾಂತಿ ಮರುದಿವಸ, ಇಟಿಗಟ್ಟಿ ಹತ್ರ. ಸಾಲ್ಯಾಗ ಕೂಡಿ ಕಲ್ತ ಗೆಳತ್ಯಾರು ದಾವಣಗೆರಿಯಿಂದ ಗೋವಾಕ್ಕ ಹೊಂಟಿದ್ರು, ಅಲ್ಲೇ ಆಕ್ಸಿಡೆಂಟಿನಾಗ ಭಾಳ ಮಂದಿ ಸತ್ರು, ದಾರ್ಯಾಗ ತಗದ ಸೆಲ್ಫಿ ಸಂಜಿಕ ನಮ್ಮೆಲ್ಲಾರ ಮೊಬೈಲಿಗೂ ಬಂತು. ನಗಾಕತ್ತಿದ್ರು ಅದರಾಗ. ಆ ರಸ್ತೆ ಮಂದಿನ್ನ ತಿಂತೈತಿ ಅಂತ ಇಲ್ಲಿ ಎಲ್ಲಾರಿಗೂ ಗೊತ್ತಿತ್ತು, ಪೇಪರಿನಾಗ ಬರೀತಿದ್ರು, ನಾವ ಓದಿ ಮಡಚಿ ಇಡತಿದ್ವಿ. ಈಗ ಅಗಲ ಮಾಡಾಕ ಹತ್ಯಾರ, ಮಾಡ್ಲಿ. 2022ರಾಗ ದೇಶದಾಗ ರಸ್ತೆ ಮ್ಯಾಲ ಸತ್ತವ್ರು 1,68,491 ಮಂದಿ, ಇದು ಸರ್ಕಾರದ್ದ ಲೆಕ್ಕ. ಇಷ್ಟ ಮಂದಿ ಸತ್ತ ದೇಶದಾಗ ದಂಡಾ ಬಾಕಿ ಇಟ್ಟವಂಗ ಅರ್ಧಾ ಮಾಫಿ ಮಾಡಿ, ಇಷ್ಟ ಕೋಟಿ ಜಮಾ ಆತು ಅಂತ ಖುಷಿಲೆ ಹೇಳ್ತೀರಲ್ರೀ. ಸಾಕಾಗೇತಿ.

ಇರ್ಲಿ. ಕ್ಯಾಮೆರಾ ಪೂರಾ ದಂಡ ಆತು ಅಂತ ಹೇಳಾಕ ಆಗಂಗಿಲ್ಲ, ಒಂದ ಕೇಸ್ ಹಿಡದೈತಿ. ಪಾರ್ಕಿಂಗ್ ಮೋಡ್ ಅಂತ ಒಂದೈತಿ, ಗಾಡಿ ಬಂದ್ ಇದ್ದಾಗೂ ಎದುರಿಗೆ ಏನರ ಅಳ್ಳಾಡಿದ್ರ ಎಚ್ಚರಾಗಿ ರೆಕಾರ್ಡ್ ಮಾಡತೈತಿ. ಫ್ಯೂಸ್ ಬಾಕ್ಸಿಂದ ಬ್ಯಾರೆ ವೈರ್ ಎಳಸಬೇಕು, ಬ್ಯಾಟರಿ ಇಳಿಯಾಕ ಹತ್ತಿದ್ರ ತಾನ ಕಟ್ ಆಗೋ ಕಿಟ್ ಹಾಕಸಬೇಕು, ಇಲ್ಲಂದ್ರ ಮುಂಜಾನೆ ಗಾಡಿ ದಬ್ಬಬೇಕು. ಹಾಕ್ಸಿದೆ. ನಮ್ಮ ಕಂಪೌಂಡಿನಾಗ ದಾಸವಾಳ ಗಿಡ ಐತಿ, ಮೂರ ವರ್ಷದಿಂದ ನಮ್ಮವ್ವನ ಪೂಜಾಕ್ಕ ಒಂದ ಹೂ ಸಿಕ್ಕಿಲ್ಲ, ಆಕಿ ಎದುರ ಮನಿ ಬಾಡಿಗಿಯವ್ರ ಮ್ಯಾಲ ಸಂಶೇ ಇಟ್ಟು ಮಾತ ಬಿಟ್ಟಿದ್ಲು. ಎರಡನೇ ದಿವಸನ ಕಳ್ಳ ಸಿಕ್ಕ. ಮುಂಜಾನೆ ಐದ ಹತ್ತಕ್ಕ, ಕೈಯಾಗ ಪ್ಲಾಸ್ಟಿಕ್ ಚೀಲಾ, ನಮ್ಮ ಓಣಿ ರಿಟೈರ್ಡ್ ಹೆಡ್‌ಮಾಸ್ತರ್ರು. ಭಾಳ ಮರ್ಯಾದಿ ಮನಷ್ಯಾ, ಆರ ತಿಂಗಳ ಹಿಂದ ಹೆಲ್ಮೆಟ್ಟಿಗೆ ಪೊಲೀಸರು ಹಿಡದಾಗ "ನಿಮ್ಮ ಸಾಹೇಬ್ರಿಗೆ ಕಲಿಸಿದವ ನಾನ" ಅಂತ ವಾದಾ ಹಾಕಿ ಬಂದವ್ರು, ಸ್ಕೂಟರಿನ ಕನ್ನಡಿಗೆ ಜೋತ ಬಿದ್ದ ಹೆಲ್ಮೆಟ್ ಅವರ ತಲಿ ಕಂಡದ್ದ ಯಾರೂ ನೋಡಿಲ್ಲ.

ನಾ ಏನೂ ಅನ್ನಾಕ ಹೋಗ್ಲಿಲ್ಲ, ಗಾಡ್ಯಾಗ ಕ್ಯಾಮೆರಾ ಹಾಕ್ಸೇನ್ರಿ ಸರ, ರಾತ್ರೀನೂ ನಡೀತೈತಿ ಅಂತ ಅಷ್ಟ ಅವರ ಕಿವಿ ಮ್ಯಾಲ ಹಾಕಿದೆ. ಈಗೂ ಬರತಾರ, ದಿನಾ ಐದ ಹತ್ತಕ್ಕ, ನಡಕೊಂಡ. ತಲಿ ಮ್ಯಾಲ ಹೆಲ್ಮೆಟ್, ಗಾಜ ಪೂರಾ ಕೆಳಗ, ಬೆಲ್ಟ್ ಸೈತ ಬಿಗದಿರತಾರ.