ಶಿಫ್ಟ್ ಹಿಡಿದು ಯೋಚಿಸುವವರು

"ಕೀಬೋರ್ಡ್ ಕೆಲಸ ಮಾಡ್ತಿಲ್ಲ" ಎಂದು ಯಾರಾದರೂ ಬಾಯಿ ಬಿಟ್ಟ ಕೂಡಲೇ, ಪಕ್ಕದಲ್ಲಿದ್ದವರೊಬ್ಬರು "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ನಿಜ. ಸಿಟ್ಟು ಬರುವುದೇ ಅದಕ್ಕೆ. ಏನು ಕೆಟ್ಟಿತ್ತು ಅಂತ ಗೊತ್ತಾಗದೆ ಸರಿಹೋದದ್ದು ನಾಳೆ ಮತ್ತೆ ಕೆಡುತ್ತದೆ. ಅದೂ ತುರ್ತು ಕೆಲಸ ಇರುವಾಗಲೇ.

ಮೊನ್ನೆ ಫೋನ್ ಬಂದದ್ದು ಸೋದರಮಾವನಿಂದ. ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, ಶಿರಸ್ತೇದಾರರಾಗಿ ನಿವೃತ್ತರಾದವರು. ಈಗ ಮನೆತನದ ಕಥೆ ಬರೆಯುತ್ತಿದ್ದಾರೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕೊಟ್ಟಿದ್ದೆ. ಭಾರ ಜಾಸ್ತಿ ಆಗಬಾರದೆಂದು ಡೆಸ್ಕ್‌ಟಾಪಿನ ಸಿಂಗಾರವೆಲ್ಲ ತೆಗೆದು ಕಿಟಕಿಗಳನ್ನು ತೆರೆದು ಜೋಡಿಸಿಡುವ ಬರೀ ಒಂದು ಸಣ್ಣ ವಿಂಡೋ ಮ್ಯಾನೇಜರ್ ಇಟ್ಟಿದ್ದೆ. ಒತ್ತಿದ ಕೀಲಿಯನ್ನು ಕನ್ನಡ ಅಕ್ಷರ ಮಾಡಲು ಐಬಸ್ ಎಂಬ ಪ್ರೋಗ್ರಾಂ, ಅದರಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಕಗಪ ಕೀಲಿಮಣೆ.

"ಲೋ, ನಿನ್ನ ಮೆಶಿನ್ನು ಸತ್ತೋಯ್ತು ಕಣೋ. ಬಾಣ ಓಡಾಡ್ತಿದೆ, ಅಕ್ಷರ ಬೀಳ್ತಿಲ್ಲ."

"ಏನು ಮಾಡ್ತಿದ್ರಿ ಮಾವ?"

"ಏನೂ ಮಾಡ್ತಿರಲಿಲ್ಲ. ಸುಮ್ನೆ ಕೂತಿದ್ದೆ."

ಎಲ್ಲರೂ ಹೇಳುವುದು ಇದನ್ನೇ. ನಾನು ನಂಬಲಿಲ್ಲ. ಹೊರಟೆ.

ಒತ್ತಿದ ಅಕ್ಷರ ಪರದೆ ಮುಟ್ಟುವ ದಾರಿ ಸರ್ಕಾರಿ ಕಡತದ ದಾರಿಯೇ. ಲಿನಕ್ಸ್‌ನ ತಿರುಳಾದ ಕರ್ನಲ್ ಎಂಬ ಟಪಾಲು ವಿಭಾಗ ಅದಕ್ಕೊಂದು ನಂಬರ್ ಹಾಕುತ್ತದೆ. ಅಲ್ಲಿಂದ, ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವ ಎಕ್ಸ್ ಸರ್ವರಿನ ಮೇಜು. ಈ ನಂಬರಿಗೆ ಯಾವ ಅಕ್ಷರ ಎಂಬ ಪಟ್ಟಿ ಇರುವುದು ಅಲ್ಲಿ. ನಡುವೆ ವಿಂಡೋ ಮ್ಯಾನೇಜರ್ "ಇದು ನನ್ನ ಶಾರ್ಟ್‌ಕಟ್ಟು" ಎಂದು ಕೆಲವನ್ನು ಎತ್ತಿಟ್ಟುಕೊಳ್ಳುತ್ತದೆ. ಉಳಿದದ್ದು ಫೋಕಸ್ ಇರುವ, ಅಂದರೆ ಸದ್ಯ ಟೈಪಿಂಗ್ ಬೀಳಬೇಕಾದ ಕಿಟಕಿಗೆ. ಆ ಕಿಟಕಿಯವರು ಅದನ್ನು ಐಬಸ್‌ಗೆ ಕಳಿಸಿ, ಕನ್ನಡ ಮಾಡಿಸಿ, ವಾಪಸ್ ತರಿಸಿಕೊಳ್ಳಬೇಕು. ಹಾಗೆ ಕಳಿಸಿ ಎಂದು ಹೇಳಲು ಜಿಟಿಕೆ ಎಂಬ ಸಲಕರಣೆಯಿಂದ ಕಟ್ಟಿದ ಪ್ರೋಗ್ರಾಂಗಳಿಗೆ ಒಂದು ಸೆಟ್ಟಿಂಗ್, ಕ್ಯೂಟಿ ಎಂಬ ಇನ್ನೊಂದರಿಂದ ಕಟ್ಟಿದವಕ್ಕೆ ಒಂದು, ಹಳೆಯ ಎಕ್ಸ್ ಪ್ರೋಗ್ರಾಂಗಳಿಗೆ ಇನ್ನೊಂದು. ಒಂದೇ ಕಚೇರಿ, ಮೂರು ಸುತ್ತೋಲೆ! ಅಕ್ಷರ ಕಳೆದುಹೋದರೆ ಯಾವ ಮೇಜಿನಲ್ಲಿ ಕೇಳಿದರೂ "ನಮ್ಮಿಂದ ಹೋಗಿದೆ ಸಾರ್" ಎಂಬ ಉತ್ತರ. ಎಕ್ಸ್‌ನ ಹುಟ್ಟುಗುಣವೇ ಅದು. 1984ರಲ್ಲಿ ಎಂಐಟಿಯಲ್ಲಿ ಶುರುವಾದಾಗಿನಿಂದ ಅದರ ಮಾತು ಒಂದೇ: ಸಾಧನ ನಾನು ಕೊಡುತ್ತೇನೆ, ನೀತಿ ನಿಯಮ ನೀವು ನೋಡಿಕೊಳ್ಳಿ. 1987ರಲ್ಲಿ ಬಂದ 11ನೇ ಆವೃತ್ತಿಯ ಮೇಲೆ ನಾವಿನ್ನೂ ಟೈಪ್ ಮಾಡುತ್ತಿದ್ದೇವೆ.

ಮೊದಲ ಅನುಮಾನ ಫೋಕಸ್ ಮೇಲೆ. ಬಾಣ ಹೋದ ಕಿಟಕಿಗೇ ಫೋಕಸ್ ಹೋಗುವ ಏರ್ಪಾಡು ಕೆಲವರಿಗೆ ಬಲು ಇಷ್ಟ. ಅಂಥವರು ಬ್ಯಾಂಕಿನ ಪಾಸ್‌ವರ್ಡನ್ನು ಚಾಟ್ ಕಿಟಕಿಯಲ್ಲಿ ಬರೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಮಾವನ ಮೆಶಿನ್ನಿನಲ್ಲಿ ಅದಿರಲಿಲ್ಲ. ಎರಡನೆಯದು ನಮ್‌ಲಾಕ್. ಎಕ್ಸ್‌ನ ಕಣ್ಣಿಗೆ ಅದೂ ಶಿಫ್ಟ್, ಕಂಟ್ರೋಲ್‌ಗಳ ಸಾಲಿನದೇ ಒಂದು ಕೀಲಿ. ಆ ದೀಪ ಉರಿದಿದ್ದರೆ ವಿಂಡೋ ಮ್ಯಾನೇಜರ್ ತನ್ನ ಶಾರ್ಟ್‌ಕಟ್ಟನ್ನೇ ಗುರುತು ಹಿಡಿಯದೆ ಹೋಗಬಹುದು. ಆದರೆ ಅದರಿಂದ ಅಕ್ಷರ ನಿಲ್ಲುವುದಿಲ್ಲ. ಉಳಿದದ್ದು ಎಕ್ಸ್‌ಇವಿ. ಯಾವ ಕೀಲಿ ಬಂತು, ಯಾವ ನಂಬರಿನದು ಎಂದು ಸಾಲು ಸಾಲಾಗಿ ತೋರಿಸುವ ಪುಟ್ಟ ಪ್ರೋಗ್ರಾಂ. ಕೀಬೋರ್ಡ್ ಕೆಟ್ಟಾಗ "ಈ ಕಮಾಂಡ್ ಟೈಪ್ ಮಾಡಿ ನೋಡಿ" ಎಂದು ಸಲಹೆ ಬರೆಯುವವರ ಬುದ್ಧಿಗೆ ಏನನ್ನಬೇಕು? ಪುಣ್ಯಕ್ಕೆ ಮೌಸಿನಿಂದ ತೆರೆಯುವ ಮೆನುವಿನಲ್ಲಿ ಅದನ್ನು ಮೊದಲೇ ಸೇರಿಸಿಟ್ಟಿದ್ದೆ.

ಮೌಸ್ ಅಲ್ಲಾಡಿಸಿದರೆ ಸಾಲುಗಳು ಸುರಿದವು. ಕೀಲಿ ತಟ್ಟಿದರೆ ಒಂದೂ ಇಲ್ಲ. ಎಕ್ಸ್ ಸರ್ವರಿನ ಮೇಜು ದಾಟುವ ಮೊದಲೇ ಅಕ್ಷರ ಎಲ್ಲೋ ಮಾಯ.

ಅಷ್ಟರಲ್ಲಿ ಅತ್ತೆ ಕಾಫಿ ತಂದರು. ಮಾವ ಟೈಪಿಂಗ್ ಕ್ಲಾಸಿನ ಕಥೆ ಶುರು ಮಾಡಿದರು. ಇದಕ್ಕೂ ಕೀಬೋರ್ಡಿಗೂ ಸಂಬಂಧ ಇದೆ, ಕೊನೆಗೆ ಒಂದು ಮುಖ್ಯ ವಿಷಯವನ್ನೂ ಹೇಳುವವನಿದ್ದೇನೆ, ಸ್ವಲ್ಪ ತಾಳಿ.

ಹೋಟೆಲಿನ ಮಾಳಿಗೆ ಮೇಲೆ ಉದ್ದನೆಯ ಕೋಣೆ. ಎರಡು ಸಾಲು ರೆಮಿಂಗ್ಟನ್. ಕೆಳಗಿನಿಂದ ಸಾಂಬಾರಿನ ವಾಸನೆ, ಮೇಲೆ ಹನ್ನೆರಡು ಮೆಶಿನ್ನುಗಳ ಗದ್ದಲ. ಜೂನಿಯರ್ ಪರೀಕ್ಷೆಗೆ ಕಟ್ಟಿದವರಿಗೆ ಸವೆದ ಮೆಶಿನ್ನು, ಸೀನಿಯರಿನವರಿಗೆ ಚೆನ್ನಾಗಿರುವುದು. ಕೀಲಿ ನೋಡಬಾರದೆಂದು ಮೇಷ್ಟ್ರು ಬೆರಳುಗಳ ಮೇಲೆ ಟವೆಲ್ ಹೊದಿಸುತ್ತಿದ್ದರಂತೆ. ಆ ಟವೆಲ್ಲನ್ನೇ ಆಮೇಲೆ ಅವರು ಹೆಗಲಿಗೆ ಹಾಕಿಕೊಂಡು ಊಟಕ್ಕೆ ಇಳಿಯುತ್ತಿದ್ದರಂತೆ. ಎರಡು ಅಚ್ಚಿನ ಕಡ್ಡಿಗಳು ಸಿಕ್ಕಿಹಾಕಿಕೊಂಡರೆ ಬೆರಳಿನಿಂದ ಬಿಡಿಸುವುದು, ಆ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು. "ತಲೆಗೆ ಎಣ್ಣೆ ಹಾಕ್ತಿದ್ವಲ್ಲ, ಮಸಿ ಕಾಣ್ತಿರಲಿಲ್ಲ." ಕಚೇರಿಗೆ ಸೇರಿದ ಮೇಲೆ ಕಾರ್ಬನ್ ಇಟ್ಟು ಐದು ಪ್ರತಿ. ಐದನೆಯದೂ ಓದಲು ಬರಬೇಕಾದರೆ ಗುದ್ದಬೇಕು. ಮಾವ ಇವತ್ತಿಗೂ ಗುದ್ದುತ್ತಾರೆ. ಲ್ಯಾಪ್‌ಟಾಪ್ ಇಟ್ಟ ಟೀಪಾಯಿ ಅಲ್ಲಾಡುತ್ತದೆ, ಮೇಲಿನ ಲೋಟ ಕುಣಿಯುತ್ತದೆ.

"ಇನ್ನೊಂದು ಅಭ್ಯಾಸ ಇತ್ತು" ಎಂದರು. "ತಹಸೀಲ್ದಾರ್ರು ಡಿಕ್ಟೇಶನ್ ಕೊಡ್ತಾ ಮಧ್ಯೆ ಯೋಚನೆ ಮಾಡೋಕೆ ನಿಲ್ಲೋರು. ಮುಂದಿನ ವಾಕ್ಯ ಶುರು ಆಗೋದು ಕ್ಯಾಪಿಟಲ್ ಅಕ್ಷರದಿಂದ ತಾನೇ? ನಾವು ಶಿಫ್ಟ್ ಒತ್ತಿ ಹಿಡಿದು ಕಾಯ್ತಾ ಕೂತಿರ್ತಿದ್ವಿ. ಕೆಲವು ಸಲ ಅವರು ಎದ್ದು ಹೋಗಿ ಬೀಡಾ ಹಾಕ್ಕೊಂಡು ಬರೋವರೆಗೂ."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಮಾವ, ಇವತ್ತು ನಿಲ್ಲೋ ಮುಂಚೆ ಏನು ಬರೀತಿದ್ರಿ?"

"ಭದ್ರಾವತಿ ವಿಷಯ. ಭಕಾರ ಹಾಕೋಣ ಅಂತ ಹೊರಟೆ. ಆ ಕ್ವಾರ್ಟರ್ಸು, ಹಿತ್ತಲಲ್ಲಿದ್ದ ಪೇರಲೆ ಮರ ಎಲ್ಲ ನೆನಪಾಯ್ತು. ಸುಮ್ನೆ ಕೂತಿದ್ದೆ ಅಂದ್ನಲ್ಲ."

ಕಗಪದಲ್ಲಿ ಬಕಾರದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಭಕಾರ. ಬೇರೇನೂ ಒತ್ತದೆ ಬರೀ ಶಿಫ್ಟನ್ನು 8 ಸೆಕೆಂಡ್ ಹಿಡಿದಿದ್ದರೆ ಎಕ್ಸ್ ಸ್ಲೋ ಕೀಸ್ ಎಂಬ ಸೌಲಭ್ಯವನ್ನು ಚಾಲೂ ಮಾಡುತ್ತದೆ. ಆಮೇಲೆ ಕೀಲಿಯನ್ನು ತಟ್ಟಿದರೆ ಸಾಲದು, ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಲೆಕ್ಕಕ್ಕೆ. ಕೈ ನಡುಗುವವರಿಗೆ, ಬೆರಳು ಅಕ್ಕಪಕ್ಕದ ಕೀಲಿಗೆ ತಾಗಿಬಿಡುವವರಿಗೆ ಇದರಿಂದ ದೊಡ್ಡ ಉಪಕಾರ. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಏನೆಂದರೆ, ತುಂಬಿದ ಡೆಸ್ಕ್‌ಟಾಪ್ ಆದರೆ "ಸ್ಲೋ ಕೀಸ್ ಚಾಲೂ ಆಗಿದೆ, ಇರಲಾ ಬೇಡವಾ" ಎಂದು ಕೇಳುವ ವ್ಯವಸ್ಥೆಯಾದರೂ ಇರುತ್ತದೆ. ಬರೀ ವಿಂಡೋ ಮ್ಯಾನೇಜರ್ ಇರುವ ಕಡೆ ಹೇಳುವವರೇ ಇಲ್ಲ. ಒಂದು ಸಾಲು, ಒಂದೇ ಒಂದು ಸಾಲು ತೋರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬಕಾರದ ಕೀಲಿಯನ್ನು ಒತ್ತಿ ಹಿಡಿದೆ. ಎಕ್ಸ್‌ಇವಿಯಲ್ಲಿ ನಿಧಾನವಾಗಿ ಒಂದು ಸಾಲು ಬಂತು, ಕೀಕೋಡ್, ಅಂದರೆ ಆ ಕೀಲಿಯ ನಂಬರು, 56. ಶಿಫ್ಟನ್ನು ಮತ್ತೆ 8 ಸೆಕೆಂಡ್ ಹಿಡಿದೆ. ಬಿಡುಗಡೆ. ಆಮೇಲೆ ಎಕ್ಸ್‌ಕೆಬಿಸೆಟ್ ಎಂಬ ಪ್ರೋಗ್ರಾಂ ಹಾಕಿ ಆ ದಾರಿಯನ್ನೇ ಮುಚ್ಚಿಸಿದೆ. ಇನ್ನು ಮಾವ ಭದ್ರಾವತಿಯ ನೆನಪಿನಲ್ಲಿ ಎಷ್ಟು ಹೊತ್ತು ಬೇಕಾದರೂ ಇದ್ದು ಬರಬಹುದು.

ಮುಖ್ಯ ವಿಷಯ ಹೇಳುತ್ತೇನೆ ಅಂದಿದ್ದೆನಲ್ಲ. ಮಾವನಿಗೇ ಹೇಳೋಣ ಎಂದು ಬಾಯಿ ತೆರೆದೆ. ಅವರು ಆಗಲೇ ಟೀಪಾಯಿ ಕುಣಿಸುತ್ತಿದ್ದರು. ತಲೆ ಎತ್ತದೆ, "ಇದೊಂದು ಮಾಡಿಕೊಡು. ಸಾಲು ಮುಗೀತಾ ಬಂದಾಗ ಮೆಶಿನ್ನು ಟಿಂಗ್ ಅನ್ನೋದಲ್ಲ, ಆ ಥರ ಇದಕ್ಕೂ ಒಂದು ಗಂಟೆ ಕಟ್ಟು" ಎಂದರು.

"ಇದರಲ್ಲಿ ಸಾಲು ತಾನಾಗೇ ಮುರಿಯತ್ತೆ ಮಾವ. ಗಂಟೆ ಯಾಕೆ?"

"ಮುರೀಲಿ. ನಂಗೆ ಗೊತ್ತಾಗಬೇಕು."

ಗಂಟೆ ಬಾರಿಸುವುದು ಕಷ್ಟವಲ್ಲ, ಎಕ್ಸ್‌ನಲ್ಲಿ ಅದಕ್ಕೆ ದಾರಿ ಇದೆ. ಆದರೆ ಕಿಟಕಿಯನ್ನು ಎಳೆದಷ್ಟೂ ಸಾಲು ಉದ್ದವಾಗುತ್ತದೆ, ಅಕ್ಷರ ದೊಡ್ಡದು ಮಾಡಿದರೆ ಗಿಡ್ಡವಾಗುತ್ತದೆ. ಮಾವ ಎರಡನ್ನೂ ದಿನಕ್ಕೆ ಹತ್ತಾರು ಸಲ ಮಾಡುತ್ತಾರೆ. ಕೊನೆ ಎಲ್ಲಿದೆ ಅಂತ ಯಾವ ಮೇಜಿನಲ್ಲಿ ಹೋಗಿ ಕೇಳಲಿ?